ಡ್ರಮ್ಮು ಗೇಟು ದಾಟುವ ಮುನ್ನ

(ಅಪಾಯಕಾರಿ ತ್ಯಾಜ್ಯದ ರಸ್ತೆ ಸಾಗಣೆ ಕುರಿತು ಸಣ್ಣ ಕೈಗಾರಿಕೆಗಳ ಮಾಲೀಕರು, ಲಾರಿ ಮಾಲೀಕರು ಮತ್ತು ಚಾಲಕರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

2022ರ ಜನವರಿ 6ರ ನಸುಕಿನಲ್ಲಿ ಗುಜರಾತಿನ ಸೂರತ್ ಬಳಿಯ ಸಚಿನ್ ಕೈಗಾರಿಕಾ ಪ್ರದೇಶದಲ್ಲಿ ಒಂದು ಟ್ಯಾಂಕರಿನಿಂದ ರಾಸಾಯನಿಕ ತ್ಯಾಜ್ಯವನ್ನು ಚರಂಡಿಗೆ ಬಿಟ್ಟರು. ಎದ್ದ ವಿಷಾನಿಲಕ್ಕೆ ಪಕ್ಕದ ಬಟ್ಟೆ ಗಿರಣಿಯ 6 ಮಂದಿ ಕಾರ್ಮಿಕರು ಸತ್ತರು. 20ಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು. ಸತ್ತವರಿಗೂ ಆ ಟ್ಯಾಂಕರಿಗೂ ಯಾವ ಸಂಬಂಧವೂ ಇರಲಿಲ್ಲ. ಅದರೊಳಗೆ ಏನಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಸಲ್ಫೈಡ್ ಇರುವ ದ್ರವವನ್ನು ಆಸಿಡ್ ನೀರಿಗೆ ಸುರಿದರೆ ಹೈಡ್ರೋಜನ್ ಸಲ್ಫೈಡ್ ಏಳುತ್ತದೆ. ಕೊಳೆತ ಮೊಟ್ಟೆಯ ವಾಸನೆಯ ಅನಿಲ ಎಂದು ಪಠ್ಯಪುಸ್ತಕದಲ್ಲಿ ಓದಿರುತ್ತೀರಿ. ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ನೂರು ಪಾಲಿನಷ್ಟು ಸೇರುವ ಹೊತ್ತಿಗೆ ಮೂಗಿನ ಗ್ರಹಿಕೆಯೇ ಸತ್ತುಹೋಗುತ್ತದೆ. ವಾಸನೆ ನಿಂತಿತು, ಗಾಳಿ ತಿಳಿಯಾಯಿತು ಎಂದುಕೊಂಡು ಮುಂದೆ ಹೆಜ್ಜೆ ಇಟ್ಟವರು ಅಲ್ಲೇ ಕುಸಿಯುತ್ತಾರೆ. ಅದು ಗಾಳಿಗಿಂತ ಭಾರ, ಹಾಗಾಗಿ ತಗ್ಗಿನಲ್ಲಿ, ಚರಂಡಿಯಲ್ಲಿ, ನೆಲದ ಮೇಲೆ ಮಲಗಿದವರ ಮುಖದ ಮಟ್ಟದಲ್ಲಿ ನಿಲ್ಲುತ್ತದೆ.

ಈ ಮಾತಿನಿಂದ ಶುರುಮಾಡಿದ್ದಕ್ಕೆ ಕಾರಣವಿದೆ. ತ್ಯಾಜ್ಯ ಸಾಗಣೆ ಎಂದ ಕೂಡಲೇ ನಮ್ಮ ಗಮನ ಲಾರಿಯ ಮೇಲೆ, ಚಾಲಕನ ಮೇಲೆ, ದಾರಿಯಲ್ಲಿ ನಿಲ್ಲಿಸುವ ಪೊಲೀಸರ ಮೇಲೆ ಹೋಗುತ್ತದೆ. ಲಾರಿ ಹೊರಡುವ ಮೊದಲೇ, ಕಾರ್ಖಾನೆಯ ಹಿತ್ತಲಲ್ಲಿ ಡ್ರಮ್ಮು ತುಂಬುವಾಗಲೇ ಅರ್ಧಕ್ಕಿಂತ ಹೆಚ್ಚು ನಿರ್ಧಾರವಾಗಿರುತ್ತದೆ. ಡ್ರಮ್ಮಿನೊಳಗೆ ಏನಿದೆ ಎಂಬುದು ತುಂಬಿದವನಿಗೆ ಗೊತ್ತು. ಅವನಿಗೆ ಗೊತ್ತಿರುವುದು ಚಾಲಕನಿಗೆ, ತ್ಯಾಜ್ಯ ಪಡೆಯುವವರಿಗೆ, ದಾರಿಯಲ್ಲಿ ಏನಾದರೂ ಆದರೆ ಓಡಿ ಬರುವ ಅಗ್ನಿಶಾಮಕ ಸಿಬ್ಬಂದಿಗೆ ಅಷ್ಟೇ ಸ್ಪಷ್ಟವಾಗಿ ಮುಟ್ಟಬೇಕು. ಕಾನೂನಿನ ಎಲ್ಲ ನಮೂನೆಗಳೂ ಇದಕ್ಕಾಗಿಯೇ ಇವೆ.

ನಮಗೆ ಅನ್ವಯಿಸುವ ಮುಖ್ಯ ಕಾನೂನು 2016ರ ಅಪಾಯಕಾರಿ ಮತ್ತು ಇತರ ತ್ಯಾಜ್ಯಗಳ ನಿಯಮಗಳು. 1986ರ ಪರಿಸರ ಸಂರಕ್ಷಣಾ ಕಾಯ್ದೆಯ ಅಡಿ ಬಂದವು. ಇದರ ಜೊತೆಗೆ 1988ರ ಮೋಟಾರು ವಾಹನ ಕಾಯ್ದೆ ಮತ್ತು 1989ರ ಕೇಂದ್ರ ಮೋಟಾರು ವಾಹನ ನಿಯಮಗಳು. ಮೊದಲನೆಯದನ್ನು ನೋಡಿಕೊಳ್ಳುವುದು ಮಾಲಿನ್ಯ ನಿಯಂತ್ರಣ ಮಂಡಳಿ, ಎರಡನೆಯದನ್ನು ಆರ್.ಟಿ.ಒ. ಮತ್ತು ಪೊಲೀಸರು. ಒಂದು ಕಡೆಯ ಕಾಗದ ಸರಿಯಿದ್ದರೆ ಇನ್ನೊಂದು ಕಡೆಯದು ತಾನಾಗಿ ಸರಿಯಾಗುವುದಿಲ್ಲ. ಮಂಡಳಿಯ ಅನುಮತಿ ಇರುವ ಲಾರಿಯನ್ನು ಅಪಾಯಕಾರಿ ಸರಕಿನ ತರಬೇತಿ ಇಲ್ಲದ ಚಾಲಕ ಓಡಿಸುವುದು ಇವತ್ತಿಗೂ ಕಾಣುವ ತಪ್ಪು.

ಮೊದಲು ತ್ಯಾಜ್ಯದ ಗುರುತು. ನಿಯಮಗಳ ಮೊದಲ ಅನುಸೂಚಿಯಲ್ಲಿ ಪ್ರತಿಯೊಂದಕ್ಕೂ ಒಂದು ಸಂಖ್ಯೆ ಇದೆ. ಬಳಸಿದ ಎಣ್ಣೆ 5.1, ಎಣ್ಣೆ ಮೆತ್ತಿದ ಶೇಷ 5.2, ಪ್ಲೇಟಿಂಗ್, ಅಂದರೆ ಲೋಹಕ್ಕೆ ಲೇಪ ಕೊಡುವ ತೊಟ್ಟಿಯ ಸಯನೈಡ್, ಸಲ್ಫೈಡ್, ವಿಷಲೋಹಗಳಿರುವ ದ್ರಾವಣ ಮತ್ತು ಕೆಸರು 12.3, ರಾಸಾಯನಿಕ ತುಂಬಿದ್ದ ಖಾಲಿ ಡ್ರಮ್ಮು 33.1, ಎಣ್ಣೆ ಒರೆಸಿದ ಹತ್ತಿ ಬಟ್ಟೆ 33.2, ತ್ಯಾಜ್ಯನೀರು ಶುದ್ಧೀಕರಣ ಘಟಕದ (ಇ.ಟಿ.ಪಿ.) ಸ್ಲಡ್ಜ್, ಅಂದರೆ ಕೆಸರು, 35.3. ಮಂಡಳಿ ನಿಮಗೆ ಕೊಟ್ಟ ಅಧಿಕಾರ ಪತ್ರದಲ್ಲಿ ಈ ಸಂಖ್ಯೆಗಳು, ಪ್ರತಿಯೊಂದರ ವಾರ್ಷಿಕ ಪ್ರಮಾಣ, ಎಲ್ಲಿಗೆ ಕಳಿಸಬೇಕು ಎಂಬುದು ಅಚ್ಚಾಗಿರುತ್ತದೆ. ಅದರಲ್ಲಿಲ್ಲದ ಸಂಖ್ಯೆಯ ತ್ಯಾಜ್ಯ ಗೇಟು ದಾಟಿದರೆ ಲಾರಿ ಎಷ್ಟೇ ಸುರಕ್ಷಿತವಾಗಿದ್ದರೂ ಆ ಸಾಗಣೆ ಅಕ್ರಮ. ಪೀಣ್ಯದಲ್ಲೋ ಬೊಮ್ಮಸಂದ್ರದಲ್ಲೋ ಒಂದು ಹೊಸ ಪೇಂಟ್ ಬೂತ್ ಹಾಕಿಕೊಂಡ ಘಟಕ, ಪೇಂಟ್ ಸ್ಲಡ್ಜನ್ನು ಅಧಿಕಾರ ಪತ್ರಕ್ಕೆ ಸೇರಿಸುವುದನ್ನು ಮರೆಯುತ್ತದೆ. ವರ್ಷವಾದ ಮೇಲೆ ಅದನ್ನು 35.3ರ ಜೊತೆ ಬೆರೆಸಿ ಕಳಿಸುತ್ತಾರೆ. ಪಡೆಯುವ ಕಡೆಯ ಪ್ರಯೋಗಾಲಯದಲ್ಲಿ ಥಿನ್ನರ್ ವಾಸನೆ ಬಡಿದು ಲಾರಿ ವಾಪಸ್ಸಾಗುತ್ತದೆ.

ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಕಾಲ ತ್ಯಾಜ್ಯವನ್ನು ಆವರಣದಲ್ಲಿ ಇಟ್ಟುಕೊಳ್ಳುವಂತಿಲ್ಲ. ವರ್ಷಕ್ಕೆ 10 ಟನ್ನಿನೊಳಗಿನ ಸಣ್ಣ ಘಟಕಗಳಿಗೆ ಮಂಡಳಿ ಇದನ್ನು 180 ದಿನಕ್ಕೆ ವಿಸ್ತರಿಸಬಹುದು. ಅವಧಿ ಮುಗಿಯುವ ವಾರದಲ್ಲಿ ಗಡಿಬಿಡಿಯಿಂದ ಸಿಕ್ಕ ಲಾರಿಗೆ ಸಿಕ್ಕ ಡ್ರಮ್ಮು ಏರಿಸುವುದು ಅನೇಕ ಅವಘಡಗಳ ಮೂಲ. 60ನೇ ದಿನಕ್ಕೇ ಲಾರಿ ಗೊತ್ತುಮಾಡಿ.

ಇನ್ನು ಡ್ರಮ್ಮಿನ ವಿಷಯ. ಇಲ್ಲಿ ಸ್ವಲ್ಪ ನಿಲ್ಲೋಣ.

ಗಾಢ ಸಲ್ಫ್ಯೂರಿಕ್ ಆಸಿಡ್, ಅಂದರೆ 98%ನದು, ಉಕ್ಕಿನ ಪಾತ್ರೆಯಲ್ಲಿ ತಕ್ಕಮಟ್ಟಿಗೆ ಸುಮ್ಮನಿರುತ್ತದೆ. ಅದೇ ಆಸಿಡ್ ತೊಟ್ಟಿಯಲ್ಲಿ ಕೆಲಸ ಮಾಡಿ, ನೀರು ಸೇರಿ 20%ಗೆ ಇಳಿದರೆ ಉಕ್ಕನ್ನು ತಿನ್ನಲು ಶುರುಮಾಡುತ್ತದೆ. ತಿನ್ನುವಾಗ ಹೈಡ್ರೋಜನ್ ಬಿಡುತ್ತದೆ. ಹೊಸ ಆಸಿಡ್ ಬಂದ ಡ್ರಮ್ಮಿಗೇ ಹಳೆಯ ಆಸಿಡ್ ತುಂಬಿ ಕಳಿಸೋಣ ಎಂಬ ಲೆಕ್ಕಾಚಾರ ಇಲ್ಲೇ ಸೋಲುತ್ತದೆ. ಮೊದಲು ಮುಚ್ಚಳ ಉಬ್ಬುತ್ತದೆ. ಆಮೇಲೆ ಕೆಳಗಿನ ಅಂಚಿನ ಮಡಿಕೆಯಲ್ಲಿ ಸೋರಿಕೆ. ಉಬ್ಬಿದ ಡ್ರಮ್ಮಿನ ಪಕ್ಕ ಬೀಡಿ ಹಚ್ಚಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ದುರ್ಬಲ ಆಸಿಡ್‌ಗೆ ಎಚ್.ಡಿ.ಪಿ.ಇ. ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಡ್ರಮ್ಮು, ಥಿನ್ನರ್, ಟಾಲ್ವೀನ್‌ನಂಥ ದ್ರಾವಕಗಳಿಗೆ ಉಕ್ಕಿನ ಡ್ರಮ್ಮು. ಉಲ್ಟಾ ಮಾಡಿದರೆ ಎರಡೂ ಕೆಡುತ್ತವೆ: ಪ್ಲಾಸ್ಟಿಕ್ ಡ್ರಮ್ಮನ್ನು ದ್ರಾವಕ ಮೆತ್ತಗೆ ಮಾಡುತ್ತದೆ, ಜೊತೆಗೆ ಪ್ಲಾಸ್ಟಿಕ್ಕಿನ ಮೇಲೆ ಸ್ಥಿರ ವಿದ್ಯುತ್ ಕೂಡಿಕೊಳ್ಳುತ್ತದೆ. ಟಾಲ್ವೀನ್ 4 ಡಿಗ್ರಿ ಸೆಲ್ಸಿಯಸ್‌ನಲ್ಲೇ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಬೆಂಗಳೂರಿನ ಚಳಿಗಾಲದ ಬೆಳಗ್ಗೆಯೂ ಅದಕ್ಕೆ ಬೇಸಿಗೆಯೇ. ಉಕ್ಕಿನ ಡ್ರಮ್ಮಿಗೆ ದ್ರಾವಕ ಸುರಿಯುವಾಗ ಸುರಿಯುವ ಪಾತ್ರೆಗೂ ಡ್ರಮ್ಮಿಗೂ ತಾಮ್ರದ ತಂತಿ ಕಟ್ಟಿ, ಇನ್ನೊಂದು ತುದಿಯನ್ನು ಅರ್ಥಿಂಗಿಗೆ ಕೊಡಿ. ಕ್ಲಿಪ್ಪು ಬಣ್ಣದ ಮೇಲೆ ಕಚ್ಚಿದರೆ ಪ್ರಯೋಜನವಿಲ್ಲ. ಬಣ್ಣ ಕೆರೆದು ಬರಿ ಲೋಹಕ್ಕೆ ಹಾಕಬೇಕು.

ಮುಚ್ಚಿದ ತಲೆಯ 200 ಲೀಟರ್ ಡ್ರಮ್ಮಿನ ಮೇಲೆ ಎರಡು ಬಾಯಿ ಇರುತ್ತವೆ, 2 ಇಂಚಿನದು ಒಂದು, ಮುಕ್ಕಾಲು ಇಂಚಿನದು ಒಂದು. ಎರಡಕ್ಕೂ ತಿರುಪಿನ ಮುಚ್ಚಳ, ಒಳಗೊಂದು ರಬ್ಬರ್ ವಾಷರ್. ಆ ವಾಷರ್ ಐದಾರು ಬಾರಿ ಬಿಚ್ಚಿ ಹಾಕಿದ ಮೇಲೆ ಒಂದು ಕಡೆ ತೆಳ್ಳಗಾಗಿರುತ್ತದೆ, ಅಥವಾ ದ್ರಾವಕ ಹೀರಿ ಊದಿರುತ್ತದೆ. ಬೆರಳಿನಿಂದ ಒತ್ತಿ ನೋಡಿ: ಒತ್ತಿದ ಗುರುತು ಹಾಗೇ ಉಳಿದರೆ ಅದು ಸತ್ತ ವಾಷರ್. ಚೂರು ವಾಷರಿನ ಜಿಪುಣತನಕ್ಕೆ ಲಾರಿಯ ನೆಲವಿಡೀ ತೋಯುತ್ತದೆ. ನಿಂತ ಡ್ರಮ್ಮು ಸೋರದಿರುವುದು ಪರೀಕ್ಷೆಯೇ ಅಲ್ಲ. ರಸ್ತೆಯ ಉಬ್ಬುಗಳಲ್ಲಿ ದ್ರವ ಮುಚ್ಚಳಕ್ಕೆ ಬಡಿಯುತ್ತಲೇ ಇರುತ್ತದೆ.

ಕಂಠಪೂರ್ತಿ ತುಂಬಬೇಡಿ. ಅಸಿಟೋನಿನಂಥ ದ್ರಾವಕ ಒಂದೊಂದು ಡಿಗ್ರಿಗೆ ಸುಮಾರು 0.14% ಹಿಗ್ಗುತ್ತದೆ. ಬೆಳಗ್ಗೆ 20 ಡಿಗ್ರಿಯಲ್ಲಿ ತುಂಬಿದ್ದು ಕಲಬುರಗಿಯ ಮಧ್ಯಾಹ್ನದ ಬಿಸಿಲಲ್ಲಿ 50 ಡಿಗ್ರಿ ಮುಟ್ಟಿದರೆ 4% ಹಿಗ್ಗುತ್ತದೆ, ಅಂದರೆ 200 ಲೀಟರಿಗೆ 8 ಲೀಟರ್. ಅದಕ್ಕೆ ಜಾಗ ಇಲ್ಲದಿದ್ದರೆ ಡ್ರಮ್ಮು ತಾನೇ ಜಾಗ ಮಾಡಿಕೊಳ್ಳುತ್ತದೆ. 180ರಿಂದ 190 ಲೀಟರಿಗೆ ನಿಲ್ಲಿಸಿ.

ಸ್ಲಡ್ಜ್ ಗಟ್ಟಿ ಪದಾರ್ಥ, ಸೋರುವುದಿಲ್ಲ ಎಂಬುದು ಇನ್ನೊಂದು ತಪ್ಪು ನಂಬಿಕೆ. ಕೆಸರಿನ ನೀರು ಹಿಂಡುವ ಫಿಲ್ಟರ್ ಪ್ರೆಸ್ಸಿನಿಂದ ಬಿದ್ದ ಸ್ಲಡ್ಜು ಕೈಗೆ ಒಣಗಿದಂತೆ ಕಂಡರೂ ಒಳಗೆ ನೀರು ಹಿಡಿದುಕೊಂಡಿರುತ್ತದೆ. ನಾಲ್ಕು ತಾಸು ಲಾರಿಯ ಕುಲುಕಾಟಕ್ಕೆ ಆ ನೀರು ಬಿಟ್ಟುಕೊಂಡು ಮೇಲೆ ನಿಲ್ಲುತ್ತದೆ, ಚೀಲದ ಹೊಲಿಗೆಯಿಂದ ತೊಟ್ಟಿಕ್ಕುತ್ತದೆ. ಸ್ಲಡ್ಜ್ ಒಣಗಿಸುವ ಹಾಸಿನಲ್ಲಿ ಇನ್ನೆರಡು ದಿನ ಬಿಟ್ಟಿದ್ದರೆ ತೂಕವೂ ಇಳಿಯುತ್ತಿತ್ತು, ವಿಲೇವಾರಿ ಖರ್ಚೂ ಇಳಿಯುತ್ತಿತ್ತು. ಭೂಭರ್ತಿಗೆ, ಅಂದರೆ ನೆಲದಲ್ಲಿ ಹೂಳಲು, ಹೋಗುವ ತ್ಯಾಜ್ಯದಲ್ಲಿ ಬಿಡಿ ದ್ರವ ಇರಕೂಡದು. ಒಳಗೆ ಪ್ಲಾಸ್ಟಿಕ್ ಲೈನರ್ ಇಲ್ಲದ ಸಿಮೆಂಟ್ ಚೀಲದಲ್ಲಿ ಸ್ಲಡ್ಜ್ ಕಟ್ಟುವ ಪದ್ಧತಿಯನ್ನು ಇವತ್ತಿಗೇ ಬಿಟ್ಟುಬಿಡಿ.

ಲೇಬಲ್ 2016ರ ನಿಯಮಗಳ ನಮೂನೆ 8ರದು. ಹೊಳೆಯುವ ಹಳದಿ ಹಿನ್ನೆಲೆ, ಮೇಲೆ ಕೆಂಪಿನಲ್ಲಿ ‘ಅಪಾಯಕಾರಿ ತ್ಯಾಜ್ಯ’, ‘ಎಚ್ಚರಿಕೆಯಿಂದ ನಿರ್ವಹಿಸಿ’ ಎಂಬ ಮಾತು ಹಿಂದಿ, ಇಂಗ್ಲಿಷ್, ಕನ್ನಡ ಮೂರರಲ್ಲೂ ಇರಬೇಕು. ಮಳೆಗೆ ಅಳಿಸದ ವಸ್ತುವಿನಲ್ಲಿ ಮಾಡಿಸಿ. ಕಂಪ್ಯೂಟರ್ ಕಾಗದದ ಮೇಲೆ ಅಚ್ಚು ಹಾಕಿ ಸೆಲ್ಲೋಟೇಪ್ ಅಂಟಿಸಿದ ಲೇಬಲ್ ಮೊದಲ ಮಳೆಗೇ ಬಿಳಿ ಕಾಗದವಾಗುತ್ತದೆ. ಹಳೆಯ ಲೇಬಲ್ಲಿನ ಮೇಲೆ ಹೊಸದು ಅಂಟಿಸುವುದೂ ಬೇಡ, ಹಳೆಯದನ್ನು ಕೆರೆದು ತೆಗೆಯಿರಿ. ಎರಡು ಹೆಸರಿರುವ ಡ್ರಮ್ಮು ಹೆಸರೇ ಇಲ್ಲದ ಡ್ರಮ್ಮಿಗಿಂತ ಅಪಾಯ.

ಒಂದೇ ಲಾರಿಯಲ್ಲಿ ಯಾವುದರ ಜೊತೆ ಯಾವುದು ಹೋಗಬಾರದು? ಪ್ಲೇಟಿಂಗ್ ಘಟಕದವರು ಇದನ್ನು ಗೋಡೆಯ ಮೇಲೆ ಬರೆದಿಡಬೇಕು. ಸಯನೈಡ್ ತ್ಯಾಜ್ಯಕ್ಕೆ ಆಸಿಡ್ ತಾಗಿದರೆ ಹೈಡ್ರೋಜನ್ ಸಯನೈಡ್ ಏಳುತ್ತದೆ. ಹೈಪೋಕ್ಲೋರೈಟಿಗೆ, ಅಂದರೆ ಬ್ಲೀಚಿಂಗ್ ದ್ರಾವಣಕ್ಕೆ, ಆಸಿಡ್ ಸೇರಿದರೆ ಕ್ಲೋರಿನ್. ನೈಟ್ರಿಕ್ ಅಥವಾ ಕ್ರೋಮಿಕ್ ಆಸಿಡ್ ಎಣ್ಣೆ ಬಟ್ಟೆಗೆ, ಥಿನ್ನರಿಗೆ ತಾಗಿದರೆ ಬೆಂಕಿ. ಅಲ್ಯುಮಿನಿಯಂ ಪುಡಿಗೆ ಆಸಿಡ್ಡೂ ಆಗದು, ಕಾಸ್ಟಿಕ್ಕೂ ಆಗದು, ಎರಡರಲ್ಲೂ ಹೈಡ್ರೋಜನ್ ಬರುತ್ತದೆ. ಬೇರೆ ಬೇರೆ ಡ್ರಮ್ಮಿನಲ್ಲಿವೆಯಲ್ಲ ಎಂದು ಸಮಾಧಾನ ಮಾಡಿಕೊಳ್ಳಬೇಡಿ. ಎರಡು ಡ್ರಮ್ಮು ಒಟ್ಟಿಗೆ ಸೋರಿದಾಗ ಲಾರಿಯ ನೆಲವೇ ಮೂರನೆಯ ಪಾತ್ರೆ. ಹೊಂದದ ತ್ಯಾಜ್ಯಗಳಿಗೆ ಬೇರೆ ಟ್ರಿಪ್ಪು ಮಾಡಿ, ಬಾಡಿಗೆ ಎರಡಾದರೂ ಸರಿ.

ತೂಕದ ಲೆಕ್ಕವನ್ನು ಒಮ್ಮೆ ನೋಡೋಣ. ಒಳಗೆ 6 ಮೀಟರ್ ಉದ್ದ, 2.4 ಮೀಟರ್ ಅಗಲದ ಲಾರಿ ನೆಲಕ್ಕೆ ಅಡ್ಡಲಾಗಿ 4, ಉದ್ದಕ್ಕೆ 10, ಒಟ್ಟು 40 ಡ್ರಮ್ಮು ಕೂರುತ್ತವೆ. ಸ್ಲಡ್ಜ್ ತುಂಬಿದ ಉಕ್ಕಿನ ಡ್ರಮ್ಮು ಹತ್ತಿರ ಹತ್ತಿರ 260 ಕೆ.ಜಿ. ಬರುತ್ತದೆ. 40 ಡ್ರಮ್ಮಿಗೆ 10.4 ಟನ್. 2 ಆಕ್ಸಲ್‌ನ 6 ಚಕ್ರದ ಲಾರಿಗೆ ಒಟ್ಟು ತೂಕದ ಮಿತಿ 18.5 ಟನ್. ಖಾಲಿ ಲಾರಿಯೇ ಕವಚ, ಎತ್ತುವ ಯಂತ್ರ ಸೇರಿ 7 ಟನ್ ದಾಟಿದರೆ ಉಳಿಯುವುದು 11 ಟನ್ ಚಿಲ್ಲರೆ. ಹಾಗಾಗಿ ಒಂದು ಅಂತಸ್ತಿಗೇ ಲಾರಿ ತೂಕದಲ್ಲಿ ತುಂಬಿತು. ಮೇಲೆ ಜಾಗ ಖಾಲಿ ಕಾಣುತ್ತದೆ ಎಂದು ಎರಡನೇ ಅಂತಸ್ತು ಏರಿಸಿದರೆ ತೂಕ ಮೀರುತ್ತದೆ, ಭಾರದ ಕೇಂದ್ರವೂ ಮೇಲಕ್ಕೆ ಹೋಗಿ ತಿರುವಿನಲ್ಲಿ ಲಾರಿ ವಾಲುತ್ತದೆ.

ಡ್ರಮ್ಮುಗಳನ್ನು ಹಗ್ಗದಿಂದ ಬಿಗಿಯುವುದು ಸಾಲದು. ನೈಲಾನ್ ಹಗ್ಗ ಎಳೆದಷ್ಟೂ ಹಿಗ್ಗಿ, ಮೊದಲ 20 ಕಿಲೋಮೀಟರಿಗೇ ಸಡಿಲಾಗುತ್ತದೆ. ಹಿಡಿಕೆ ತಿರುವಿ ಬಿಗಿಯುವ ರಾಟ್ಚೆಟ್ ಪಟ್ಟಿ ಹಾಕಿ, ಹೊರಟು ಸ್ವಲ್ಪ ದೂರದಲ್ಲಿ ನಿಲ್ಲಿಸಿ ಮತ್ತೆ ಬಿಗಿಯಿರಿ. ಗಟ್ಟಿಯಾಗಿ ಬ್ರೇಕ್ ಹಾಕಿದಾಗ ಸರಕು ತನ್ನ ತೂಕದ ಸುಮಾರು 80%ನಷ್ಟು ಬಲದಿಂದ ಮುಂದಕ್ಕೆ ತಳ್ಳುತ್ತದೆ. 10 ಟನ್ನಿನ ಸರಕಿಗೆ ಅದು 8 ಟನ್. ಆ ಬಲವನ್ನು ಹಿಡಿಯಬೇಕಾದದ್ದು ಮುಂಭಾಗದ ಗೋಡೆ ಮತ್ತು ಪಟ್ಟಿಗಳು, ಚಾಲಕನ ಬೆನ್ನು ಅಲ್ಲ. ಡ್ರಮ್ಮುಗಳ ನಡುವೆ ಉಳಿದ ಸಂದುಗಳಿಗೆ ಮರದ ತುಂಡು ಬಡಿಯಿರಿ. ಅರ್ಧ ತುಂಬಿದ ಟ್ಯಾಂಕರಿನ ವಿಷಯ ಇನ್ನೂ ಕಠಿಣ. ಒಳಗಿನ ದ್ರವ ಅಲೆಯಾಗಿ ಓಡಾಡುತ್ತದೆ. ಚಾಲಕ ಬ್ರೇಕ್ ಬಿಟ್ಟ ಮೇಲೂ ಅದು ಮುಂದಕ್ಕೆ ತಳ್ಳುತ್ತಿರುತ್ತದೆ. ಒಳಗೆ ಅಡ್ಡ ತಟ್ಟೆಗಳಿಲ್ಲದ ಟ್ಯಾಂಕರನ್ನು ಶಿರಾಡಿಯಂಥ ಘಾಟಿಗೆ ಇಳಿಸಬೇಡಿ.

ವಾಹನ ಹೇಗಿರಬೇಕು ಎಂಬುದಕ್ಕೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾರ್ಗಸೂಚಿ ಇದೆ. ಆದಷ್ಟು ನೀಲಿ ಬಣ್ಣ, ನಡುವೆ ಸುತ್ತಲೂ 15ರಿಂದ 30 ಸೆಂಟಿಮೀಟರ್ ಅಗಲದ ಬಿಳಿ ಪಟ್ಟಿ. ನಾಲ್ಕೂ ಕಡೆ ಕನ್ನಡ, ಹಿಂದಿ, ಇಂಗ್ಲಿಷಿನಲ್ಲಿ ‘ಅಪಾಯಕಾರಿ ತ್ಯಾಜ್ಯ’. ಸಾಗಣೆದಾರರ ಹೆಸರು, ತುರ್ತು ಸಂಖ್ಯೆ. ಈ ಲಾರಿ ಬೇರೆ ಕೆಲಸಕ್ಕೆ ಹೋಗಕೂಡದು. ವಾಪಸ್ ಬರುವಾಗ ಖಾಲಿಯಲ್ಲವೇ ಎಂದು ಈರುಳ್ಳಿ, ಭತ್ತ, ಪಶು ಆಹಾರ ಹೇರುವುದು ಊಟದ ತಟ್ಟೆಗೆ ಕ್ರೋಮಿಯಂ ಬಡಿಸಿದಂತೆ. ಪ್ರಯಾಣಿಕರನ್ನು ಹತ್ತಿಸಬಾರದು, ಕೆಲಸದವರೂ ಕ್ಯಾಬಿನ್ನಿನಲ್ಲಷ್ಟೇ ಕೂರಬೇಕು, ಸರಕಿನ ಮೇಲಲ್ಲ. ಇದಲ್ಲದೆ ಮೋಟಾರು ವಾಹನ ನಿಯಮ 134ರ ಪ್ರಕಾರ ಎರಡು ಪಕ್ಕ ಮತ್ತು ಹಿಂಭಾಗ, ಹೀಗೆ ಮೂರು ಕಡೆ ತುರ್ತು ಮಾಹಿತಿ ಫಲಕ ಬೇಕು. ಸರಕಿನ ಸರಿಯಾದ ರಾಸಾಯನಿಕ ಹೆಸರು ಕನಿಷ್ಠ 50 ಮಿಲಿಮೀಟರ್ ಎತ್ತರದ ಅಕ್ಷರದಲ್ಲಿ, ವಿಶ್ವಸಂಸ್ಥೆಯ ವರ್ಗ ಸಂಖ್ಯೆ 100 ಮಿಲಿಮೀಟರ್ ಎತ್ತರದ ಅಂಕಿಯಲ್ಲಿ. ಫಲಕದ ಮೇಲೆ ಹಳೆಯ ಟ್ರಿಪ್ಪಿನ ಹೆಸರು ಉಳಿದುಹೋಗುವುದು ಅಪರೂಪವಲ್ಲ. ದೂರದಲ್ಲಿ ನಿಂತ ಅಗ್ನಿಶಾಮಕ ಅಧಿಕಾರಿ ಓದುವುದು ಅದನ್ನೇ. ಅಲ್ಲಿ ಥಿನ್ನರ್ ಎಂದಿದ್ದು ಒಳಗೆ ಆಸಿಡ್ ಇದ್ದರೆ ಆತ ಅಪಾಯಕ್ಕೇ ನಡೆದುಬರುತ್ತಾನೆ. ಸೈಲೆನ್ಸರಿಗೆ ಕಿಡಿ ತಡೆಯುವ ಸಾಧನವೂ ಕಡ್ಡಾಯ.

ಚಾಲಕ ಅಣ್ಣಂದಿರಿಗೆ ಕೆಲವು ಮಾತು. ಇಂಥ ಸರಕು ಓಡಿಸಲು ಸಾಮಾನ್ಯ ಹೆವಿ ಲೈಸೆನ್ಸ್ ಸಾಲದು. ಸಂವಿಧಾನದ ಎಂಟನೇ ಅನುಸೂಚಿಯ ಒಂದು ಭಾಷೆ ಮತ್ತು ಇಂಗ್ಲಿಷ್ ಓದಿ ಬರೆಯಲು ಬರಬೇಕು, 3 ದಿನದ ತರಬೇತಿ ಪಡೆದು ಲೈಸೆನ್ಸಿನಲ್ಲಿ ನಮೂದಾಗಬೇಕು. 2019ರ ತಿದ್ದುಪಡಿಯ ನಂತರ ಇದಕ್ಕೆ 3 ವರ್ಷದ ಅವಧಿ, ನವೀಕರಣಕ್ಕೆ 1 ದಿನದ ಮರುತರಬೇತಿ. ಕ್ಯಾಬಿನ್ನಿನಲ್ಲಿ 2016ರ ನಿಯಮಗಳ ನಮೂನೆ 9ರ ಟ್ರೆಮ್ ಕಾರ್ಡ್, ಅಂದರೆ ಸಾಗಣೆಯ ತುರ್ತು ಮಾಹಿತಿ ಕಾರ್ಡ್, ಇರಬೇಕು. ಇದನ್ನು ಕೊಡಬೇಕಾದವರು ಕಾರ್ಖಾನೆಯವರು. ಕೊಡದಿದ್ದರೆ ಲಾರಿ ಹೊರಡಿಸಬೇಡಿ, ಕೇಳುವುದು ನಿಮ್ಮ ಹಕ್ಕು. ಆ ಕಾರ್ಡಿನಲ್ಲಿ ಸರಕಿನ ಗುಣ, ಕಣ್ಣಿಗೆ ಬಿದ್ದರೆ ಏನು, ಬೆಂಕಿ ಬಿದ್ದರೆ ನೀರು ಹಾಕಬಹುದೇ ಬಾರದೇ, ಯಾರಿಗೆ ಫೋನ್ ಮಾಡಬೇಕು ಎಂದೆಲ್ಲ ಇರುತ್ತದೆ. ಇಂಗ್ಲಿಷಿನಲ್ಲಿ ಮಾತ್ರ ಇದ್ದರೆ ಕನ್ನಡದಲ್ಲೂ ಬರೆಸಿಕೊಳ್ಳಿ. ತೆಲುಗೋ ಹಿಂದಿಯೋ ಓದುವ ಚಾಲಕರಾದರೆ ಆ ಭಾಷೆಯಲ್ಲಿ. ಅವಘಡದ ಗಳಿಗೆಯಲ್ಲಿ ಅನುವಾದ ಮಾಡಿಕೊಳ್ಳಲು ಯಾರಿಗೂ ಪುರಸೊತ್ತಿರುವುದಿಲ್ಲ. ಲಾರಿಯನ್ನು ಢಾಬಾದ ಮುಂದೆ ಬಿಟ್ಟು ಮಲಗುವಂತಿಲ್ಲ. ನಿಲ್ಲಿಸಿದಾಗಲೂ ನೀವೋ, 18 ತುಂಬಿದ ತಿಳಿವಳಿಕೆಯುಳ್ಳ ಇನ್ನೊಬ್ಬರೋ ಕಣ್ಣಿಟ್ಟಿರಬೇಕು ಎಂದು ಮೋಟಾರು ವಾಹನ ನಿಯಮ 133 ಹೇಳುತ್ತದೆ.

ಈಗ ಮ್ಯಾನಿಫೆಸ್ಟ್, ಅಂದರೆ ತ್ಯಾಜ್ಯದ ಜೊತೆ ಸಾಗುವ ವಿವರ ಪತ್ರ. ನಮೂನೆ 10, ಏಳು ಪ್ರತಿ, ಏಳು ಬಣ್ಣ. ಏಳಕ್ಕೂ ಸಹಿ ಹಾಕಿ ಬಿಳಿ ಪ್ರತಿಯನ್ನು ಕಳಿಸುವವರು ಮಂಡಳಿಗೆ ಕೊಡಬೇಕು. ಹಳದಿ ಪ್ರತಿಗೆ ಸಾಗಣೆದಾರರ ಸಹಿ ಪಡೆದು ತಾವೇ ಇಟ್ಟುಕೊಳ್ಳಬೇಕು. ಉಳಿದ ಐದು ಲಾರಿಯ ಜೊತೆ ಹೋಗುತ್ತವೆ. ತ್ಯಾಜ್ಯ ಪಡೆದವರು ಗುಲಾಬಿ ಪ್ರತಿ ಇಟ್ಟುಕೊಂಡು, ಕಿತ್ತಳೆಯನ್ನು ಸಾಗಣೆದಾರರಿಗೆ, ಹಸಿರನ್ನು ಮಂಡಳಿಗೆ, ನೀಲಿಯನ್ನು ಕಳಿಸಿದವರಿಗೆ ಕೊಡುತ್ತಾರೆ. ಬೂದು ಬಣ್ಣದ್ದು ಕಳಿಸಿದವರು ಬೇರೆ ರಾಜ್ಯದವರಾದರೆ ಆ ರಾಜ್ಯದ ಮಂಡಳಿಗೆ. ತುಂಬುವಾಗ ಆಗುವ ತಪ್ಪು ಹೆಚ್ಚಾಗಿ ಎರಡು. ತೂಕದ ಕಲಮಿನಲ್ಲಿ ಲಾರಿ ತೂಗುವ ವೇ ಬ್ರಿಡ್ಜಿನ ಅಂಕಿ ಬರೆಯದೆ ಅಂದಾಜು ಬರೆಯುವುದು ಒಂದು. ತ್ಯಾಜ್ಯದ ವಿವರ ಎಂಬಲ್ಲಿ ‘ಕೆಮಿಕಲ್ ವೇಸ್ಟ್’ ಎಂದಷ್ಟೇ ಬರೆಯುವುದು ಇನ್ನೊಂದು. ಅದು ಪ್ರಪಂಚದ ಯಾವ ಡ್ರಮ್ಮಿಗೂ ಒಪ್ಪುವ ಮಾತು. ‘35.3, ಇ.ಟಿ.ಪಿ. ಸ್ಲಡ್ಜ್, ನಿಕ್ಕಲ್ ಮತ್ತು ಸತು ಇದೆ, 40 ಉಕ್ಕಿನ ಡ್ರಮ್ಮು, 10,400 ಕೆ.ಜಿ.’ ಎಂದು ಬರೆದರೆ ಅದು ವಿವರ.

ರಾಜ್ಯದ ಗಡಿಯ ವಿಷಯ ಬೆಂಗಳೂರಿನವರಿಗೆ ವಿಶೇಷವಾಗಿ ಮುಖ್ಯ. ಹೊಸೂರು 40 ಕಿಲೋಮೀಟರ್ ದೂರ, ಆದರೆ ಬೇರೆ ರಾಜ್ಯ. ಹೊಸೂರಿನ ಘಟಕ ಅಂತಿಮ ವಿಲೇವಾರಿಗೆಂದು ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆಯ ವಿಲೇವಾರಿ ಘಟಕಕ್ಕೆ ಕಳಿಸಬೇಕಾದರೆ ತಮಿಳುನಾಡು, ಕರ್ನಾಟಕ ಎರಡೂ ಮಂಡಳಿಗಳಿಂದ ನಿರಾಕ್ಷೇಪಣಾ ಪತ್ರ ಬೇಕು. ಮರುಬಳಕೆಗೋ, ಸಿಮೆಂಟ್ ಗೂಡಿನಲ್ಲಿ ಸುಡಲೋ ಹೋಗುವುದಾದರೆ ಒಪ್ಪಿಗೆ ಬೇಕಿಲ್ಲ, ಲಾರಿಗೆ ಕೊಡುವ ಮೊದಲು ಎರಡೂ ಮಂಡಳಿಗೆ ತಿಳಿಸಬೇಕು. ನಡುವೆ ಮೂರನೇ ರಾಜ್ಯ ಹಾದುಹೋದರೆ ಅಲ್ಲಿನ ಮಂಡಳಿಗೂ ಮುಂಚಿತವಾಗಿ ಮಾಹಿತಿ. ಸುರಕ್ಷಿತ ಸಾಗಣೆಯ ಹೊಣೆ ಯಾರದು ಎಂಬ ಜಗಳಕ್ಕೂ 2016ರ ತ್ಯಾಜ್ಯ ನಿಯಮಗಳ ನಿಯಮ 18ರಲ್ಲಿ ಉತ್ತರವಿದೆ: ಕಳಿಸುವವರಾಗಲಿ ಪಡೆಯುವವರಾಗಲಿ, ಸಾಗಣೆ ಏರ್ಪಾಡು ಮಾಡಿ ಅದಕ್ಕೆ ಮಂಡಳಿಯ ಅಧಿಕಾರ ಪತ್ರ ಪಡೆದವರದೇ ಹೊಣೆ.

ದಾರಿಯಲ್ಲಿ ಸೋರಿತು ಅನ್ನಿ. ಮೊದಲು ಲಾರಿಯನ್ನು ಮನೆ, ಕೆರೆ, ರಾಜಕಾಲುವೆಗಳಿಂದ ದೂರ ನಿಲ್ಲಿಸಿ ಎಂಜಿನ್ ಆರಿಸಿ, ಚಕ್ರಕ್ಕೆ ಒತ್ತು ಕೊಡಿ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆಯೋ ಆ ಕಡೆ ನಿಲ್ಲಿ. ದ್ರವವಾದರೆ ಸುತ್ತ 50 ಮೀಟರ್, ಗಟ್ಟಿ ತ್ಯಾಜ್ಯವಾದರೆ 25 ಮೀಟರ್ ಜನರನ್ನು ದೂರ ಸರಿಸಿ. 112ಕ್ಕೆ ಕರೆ ಮಾಡುವಾಗ ಫಲಕದ ಮೇಲಿನ ಹೆಸರನ್ನು, ವರ್ಗ ಸಂಖ್ಯೆಯನ್ನು ಓದಿ ಹೇಳಿ. ‘ಲಾರಿ ಸೋರ್ತಾ ಇದೆ’ ಎಂದಷ್ಟೇ ಹೇಳಿದರೆ ಬರುವವರು ಏನು ತರಬೇಕು? ಹತ್ತಿರದ ಪೊಲೀಸ್ ಠಾಣೆಗೆ ತಿಳಿಸುವುದು ಚಾಲಕರ ಕಾನೂನುಬದ್ಧ ಕರ್ತವ್ಯ. ಮಂಡಳಿಗೆ ಕೂಡಲೇ ತಿಳಿಸಿ, ನಮೂನೆ 11ರಲ್ಲಿ ವರದಿ ಕೊಡುವುದೂ ಇದೆ. ಸೋರಿದ್ದನ್ನು ನೀರು ಹಾಕಿ ಚರಂಡಿಗೆ ತೊಳೆಯುವುದು ಮಾತ್ರ ಯಾವ ಕಾರಣಕ್ಕೂ ಬೇಡ. ಸಚಿನ್‌ನಲ್ಲಿ ಜನ ಸತ್ತದ್ದು ಚರಂಡಿಗೆ ಬಿಟ್ಟ ತ್ಯಾಜ್ಯದಿಂದ.

ಲಾರಿಯಲ್ಲಿ ಒಣ ಮರಳು, ಸಲಿಕೆ, ಖಾಲಿ ಡ್ರಮ್ಮು, ಆಸಿಡ್ ತಡೆಯುವ ಕೈಗವಸು, ಕನ್ನಡಕ, ಡ್ರೈ ಪೌಡರ್ ಅಗ್ನಿಶಾಮಕ, ಪ್ರಥಮ ಚಿಕಿತ್ಸೆ ಪೆಟ್ಟಿಗೆ ಇರಲಿ. ಮರದ ಹೊಟ್ಟನ್ನು ಎಣ್ಣೆಗೆ ಬಳಸಬಹುದು, ಆದರೆ ನೈಟ್ರಿಕ್, ಕ್ರೋಮಿಕ್, ಹೈಪೋಕ್ಲೋರೈಟ್, ಪೆರಾಕ್ಸೈಡ್ ಮೇಲೆ ಸುರಿದರೆ ಹೊಟ್ಟೇ ಹೊತ್ತಿಕೊಳ್ಳಬಹುದು. ಆಸಿಡ್ ಒಯ್ಯುವವರು ಸುಣ್ಣ ಎಷ್ಟು ಬೇಕು ಎಂದು ಮೊದಲೇ ಲೆಕ್ಕ ಹಾಕಿಕೊಳ್ಳಿ. 20% ಸಲ್ಫ್ಯೂರಿಕ್ ಆಸಿಡ್ ತುಂಬಿದ ಒಂದು ಡ್ರಮ್ಮಿನ ದ್ರವ ಸುಮಾರು 215 ಕೆ.ಜಿ., ಅದರಲ್ಲಿ ನಿಜವಾದ ಆಸಿಡ್ 43 ಕೆ.ಜಿ. ಅದನ್ನು ತಟಸ್ಥ ಮಾಡಲು ಅರಳಿದ ಸುಣ್ಣ 33 ಕೆ.ಜಿ. ಅಥವಾ ಸೋಡಾ ಆ್ಯಶ್ 47 ಕೆ.ಜಿ. ಬೇಕು. ಒಂದು ಬುಟ್ಟಿ ಸುಣ್ಣ ಇಟ್ಟುಕೊಂಡು ಧೈರ್ಯ ತಂದುಕೊಳ್ಳುವುದು ಬೇಡ. ಸುಟ್ಟ ಸುಣ್ಣ ತರಬೇಡಿ, ಅದು ದ್ರವ ತಾಗಿದರೇ ಕುದಿಯುತ್ತದೆ. ಸೋಡಾ ಆ್ಯಶ್ ನೊರೆಯುಕ್ಕಿ ಸಿಡಿಯುತ್ತದೆ, ಅಂಚಿನಿಂದ ಒಳಗೆ ಸ್ವಲ್ಪ ಸ್ವಲ್ಪವೇ ಹಾಕುತ್ತ ಬನ್ನಿ. ಇದಿಷ್ಟೂ ಒಂದೆರಡು ಡ್ರಮ್ಮಿನ ಸೋರಿಕೆಗೆ. ಅದಕ್ಕಿಂತ ದೊಡ್ಡದಾದರೆ, ಏನು ಸೋರುತ್ತಿದೆ ಎಂದು ತಿಳಿಯದಿದ್ದರೆ, ಕಣ್ಣು ಗಂಟಲು ಉರಿಯುತ್ತಿದ್ದರೆ ದೂರ ಹೋಗಿ. ಡ್ರಮ್ಮು ಉಳಿಸಲು ಹೋಗಿ ಯಾರೂ ಜೀವ ಕಳೆದುಕೊಳ್ಳಬಾರದು.

ಶಿಕ್ಷೆಯ ಬಗ್ಗೆ ಕೇಳುತ್ತೀರಿ. ಅಪಾಯಕಾರಿ ಸರಕನ್ನು ನಿಯಮ ಮೀರಿ ಸಾಗಿಸಿದರೆ ಮೋಟಾರು ವಾಹನ ಕಾಯ್ದೆಯ 190ನೇ ಕಲಮಿನಡಿ ಮೊದಲ ಬಾರಿಗೆ 10 ಸಾವಿರ ರೂಪಾಯಿ ದಂಡ, ಒಂದು ವರ್ಷದವರೆಗೆ ಜೈಲೂ ಆಗಬಹುದು. ಪರಿಸರ ಸಂರಕ್ಷಣಾ ಕಾಯ್ದೆಯಲ್ಲಿ 2023ರ ತಿದ್ದುಪಡಿಯ ಬಳಿಕ 10 ಸಾವಿರದಿಂದ 15 ಲಕ್ಷದವರೆಗೆ ದಂಡ. ಪರಿಸರಕ್ಕೆ, ಮೂರನೆಯವರಿಗೆ ಆದ ಹಾನಿಯ ಪರಿಹಾರ ಇದಕ್ಕೆ ಹೊರತು, ಅದು ಕಳಿಸಿದವರನ್ನೂ ಸಾಗಿಸಿದವರನ್ನೂ ಹುಡುಕಿಕೊಂಡು ಬರುತ್ತದೆ.

ಖಾಲಿ ಡ್ರಮ್ಮಿನ ಮಾತು ಬಿಟ್ಟುಹೋಗಬಾರದು, ಯಾಕೆಂದರೆ ಅದು ಮನೆಯೊಳಗೆ ಬರುತ್ತದೆ. ರಾಸಾಯನಿಕ ಇದ್ದ ನೀಲಿ ಪ್ಲಾಸ್ಟಿಕ್ ಡ್ರಮ್ಮನ್ನು ಗುಜರಿಯವರಿಗೆ ಮಾರುತ್ತಾರೆ. ಗುಜರಿಯವರು ನೀರು ಹಾಕಿ ಕುಲುಕಿ, ಅರ್ಧಕ್ಕೆ ಕೊಯ್ದು, ರಸ್ತೆ ಬದಿಯಲ್ಲಿ ನೀರಿನ ಡ್ರಮ್ಮು ಎಂದು ಮಾರುತ್ತಾರೆ. ಕಾವೇರಿ ನೀರು ಎರಡು ದಿನಕ್ಕೊಮ್ಮೆ ಬರುವ ಬಡಾವಣೆಯ ತಾಯಂದಿರು ಅದರಲ್ಲಿ ಕುಡಿಯುವ ನೀರು ಹಿಡಿದಿಡುತ್ತಾರೆ. ಪ್ಲಾಸ್ಟಿಕ್ಕಿನ ಗೋಡೆ ಹೀರಿಕೊಂಡ ದ್ರಾವಕ ಕುಲುಕಿದರೆ ಹೋಗುವುದಿಲ್ಲ, ತಿಂಗಳುಗಟ್ಟಲೆ ನೀರಿಗೆ ಬಿಟ್ಟುಕೊಳ್ಳುತ್ತಲೇ ಇರುತ್ತದೆ. ಕಾನೂನಿನ ಕಣ್ಣಲ್ಲಿ ಆ ಖಾಲಿ ಡ್ರಮ್ಮು 33.1, ತುಂಬಿದ ಡ್ರಮ್ಮಿನಷ್ಟೇ ಅಪಾಯಕಾರಿ ತ್ಯಾಜ್ಯ. ಅದಕ್ಕೂ ಲೇಬಲ್, ಮ್ಯಾನಿಫೆಸ್ಟ್, ಅನುಮತಿ ಪಡೆದ ಶುದ್ಧೀಕರಣ ಘಟಕ ಬೇಕು. ಮಾರಿ ಬರುವ ಇನ್ನೂರು ಮುನ್ನೂರು ರೂಪಾಯಿಗೆ ದಯವಿಟ್ಟು ಇದನ್ನು ಮಾಡಬೇಡಿ. ಕನಿಷ್ಠ ಪಕ್ಷ ಮತ್ತೆ ನೀರು ತುಂಬಲಾಗದಂತೆ ತಳಕ್ಕೆ ತೂತು ಕೊರೆದೇ ಹೊರಗೆ ಕಳಿಸಿ.

ಲಾರಿ ತಲುಪಿದ ಮೇಲೆ ಅಲ್ಲಿ ಮಾದರಿ ತೆಗೆದು ಪಿಎಚ್, ಬಣ್ಣ, ತೇವಾಂಶ, ಹೊತ್ತಿಕೊಳ್ಳುವ ಗುಣ ನೋಡುತ್ತಾರೆ. ಮೊದಲು ಕೊಟ್ಟ ಪೂರ್ಣ ವಿಶ್ಲೇಷಣೆಗೆ ಅದು ಹೊಂದಬೇಕು. ಇಳಿಸಿದ ಮೇಲೆ ಲಾರಿಯನ್ನು ಅಲ್ಲೇ ತೊಳೆಯಬೇಕು, ತೊಳೆದ ನೀರು ಅವರ ಶುದ್ಧೀಕರಣ ಘಟಕಕ್ಕೇ ಹೋಗಬೇಕು, ದಾರಿಯ ಸರ್ವಿಸ್ ಸ್ಟೇಷನ್ನಿಗಲ್ಲ.

ನೀಲಿ ಪ್ರತಿ ವಾಪಸ್ ಬಂತೇ ಎಂದು ನೋಡಲು ಕಾರ್ಖಾನೆಯಲ್ಲಿ ಒಬ್ಬರನ್ನು ನೇಮಿಸಿ. ಬಂದ ದಿನವೇ ಹಳದಿ ಪ್ರತಿಯ ಪಕ್ಕ ಇಟ್ಟು ತೂಕ ಹೋಲಿಸಿ, ನಮೂನೆ 3ರ ದಾಖಲೆ ಪುಸ್ತಕದಲ್ಲಿ ಬರೆಯಿರಿ. ಜೂನ್ 30ರೊಳಗೆ ಕೊಡಬೇಕಾದ ನಮೂನೆ 4ರ ವಾರ್ಷಿಕ ವಿವರಕ್ಕೂ ಅದೇ ಆಧಾರ. ನಿಮ್ಮ ಗೇಟಿನಲ್ಲಿ 10,400 ಕೆ.ಜಿ. ಇದ್ದದ್ದು ಅಲ್ಲಿ 10,390 ಆಗಿದ್ದರೆ ಎರಡು ವೇ ಬ್ರಿಡ್ಜಿನ ವ್ಯತ್ಯಾಸ ಎನ್ನಬಹುದು. 10,140 ಎಂದಿದ್ದರೆ 260 ಕೆ.ಜಿ. ಕಡಿಮೆ, ಸರಿಯಾಗಿ ಒಂದು ಡ್ರಮ್ಮು. ಮುಚ್ಚಿದ ಡ್ರಮ್ಮಿನ ಸ್ಲಡ್ಜ್ ಒಂದು ದಿನದಲ್ಲಿ ಅಷ್ಟು ಒಣಗುವುದಿಲ್ಲ. ಅವತ್ತೇ ಸಾಗಣೆದಾರರಿಗೆ, ಪಡೆದವರಿಗೆ ಫೋನ್ ಮಾಡಿ ಡ್ರಮ್ಮುಗಳ ಸಂಖ್ಯೆ ಎಣಿಸಿ, ಉತ್ತರ ಸಿಗದಿದ್ದರೆ ಸಂಜೆಯೊಳಗೆ ಮಂಡಳಿಗೆ ಬರೆದು ತಿಳಿಸಿ.